ತಣ್ಣಗಿದ್ದಾಗ ಒಂದೇ ಸಲ

ಶೆಡ್ಡಿನ ತಗಡಿನಿಂದ ತೊಟ್ಟಿಕ್ಕಿ ವ್ಯಾನಿನ ಬಾನೆಟ್ಟಿನ ಅಂಚಿಗೆ ಬಂದು ನಿಂತ ಇಬ್ಬನಿಯ ಹನಿ ಇನ್ನೇನು ಬೀಳುತ್ತದೆ, ಬೀಳುತ್ತದೆ — ಬೀಳುತ್ತಿಲ್ಲ, ಅದರ ಹೊಟ್ಟೆಯೊಳಗೆ ಶೆಡ್ಡಿನ ಬಾಗಿಲು ತಲೆಕೆಳಗಾಗಿ ಒಂದು ಬಿಳಿ ಚೌಕವಾಗಿ ತೂಗುತ್ತಿದೆ, ಚೌಕದೊಳಗೆ ಕಪ್ಪು ಚುಕ್ಕೆಯೊಂದು ಅಲ್ಲಾಡಿತು, ಬಾಗಿಲಲ್ಲಿ ತಮ್ಮ ನಿಂತಿರಬೇಕು, ಹನಿ ಬಿತ್ತು, ಬಾನೆಟ್ಟಿನಡಿ ನಿಂತಿದ್ದ ಅವನ ಹೆಬ್ಬೆರಳಿನ ಮೇಲೆ, ತಣ್ಣಗೆ, ಒಳ್ಳೆಯದು, ತಣ್ಣಗಿರಬೇಕು, ಇವತ್ತು ಎಲ್ಲವೂ ತಣ್ಣಗಿರಬೇಕು. ಅಂಗೈಯನ್ನು ಎಂಜಿನ್ನಿನ ಮೇಲಿಟ್ಟ, ಹೆಣದ ಹಣೆ ಮುಟ್ಟಿದ ಹಾಗಿತ್ತು, ರಾತ್ರಿಯೆಲ್ಲ ಯಾರೂ ಇದನ್ನು ಮುಟ್ಟಿಲ್ಲ, ಮುಟ್ಟಲು ಅವನು ಬಿಟ್ಟಿಲ್ಲ, ನಿನ್ನೆ ಸಂಜೆಯೇ ಕೀಲಿ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡು ಮನೆಗೆ ಹೋಗಿ ದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದ, ಹೆಂಡತಿ ಏನೋ ಅಂದಳು, ನಗುತ್ತಾ ಅಂದಳು, ಅವನೂ ನಕ್ಕ, ಏನಂದಳೋ. ಗಾಜಿನ ಆಚೆ ಅಕ್ಕ ಸ್ಟೇರಿಂಗಿನ ಹಿಂದೆ ಕೂತಿದ್ದಾಳೆ, ತಲೆಗೆ ಸುತ್ತಿದ ಮಫ್ಲರನ್ನು ಕಿವಿಯಿಂದ ಹಿಂದಕ್ಕೆ ಸರಿಸಿಕೊಂಡಿದ್ದಾಳೆ, ಕೇಳಿಸಿಕೊಳ್ಳಲಿಕ್ಕೆ ಅಂತ, ಅವಳ ತುಟಿ ಅಲ್ಲಾಡುತ್ತಿದೆ, ಸೆಲ್ಫ್ ಹೊಡೀಲೇನೋ, ಅಂತಲೇ ಇರಬೇಕು, ಇನ್ನೇನು ಕೇಳಿಯಾಳು, ಅವನು ಕೈ ಎತ್ತಿದ, ತಡಿ ಅಕ್ಕ, ಒಂದು ನಿಮಿಷ ತಡಿ, ಎಂದು ಟಾರ್ಚನ್ನು ಬೆಲ್ಟಿನ ಮೇಲೆ ಬಿಟ್ಟ, ನೋಡುವುದಕ್ಕೆ ಏನೂ ಇಲ್ಲ, ನಿನ್ನೆ ತಾನೇ ಹಾಕಿದ ಹೊಸ ಬೆಲ್ಟು, ಆದರೂ ಏನೋ ಕಂಡವನ ಹಾಗೆ ಬಗ್ಗಿದ, ಬಗ್ಗಿರುವಷ್ಟು ಹೊತ್ತು ಯಾರೂ ಏನೂ ಕೇಳುವುದಿಲ್ಲ. ಯಾಕೆಂದರೆ ಒಂದೇ ಸಲ. ತಣ್ಣಗಿರುವ ಎಂಜಿನ್ನು ದಿನಕ್ಕೆ ಒಂದೇ ಸಲ ಬಾಯಿ ಬಿಡುತ್ತದೆ, ಕೀಲಿ ತಿರುಗಿಸಿದ ಕೂಡಲೇ ಕೀ ಅಂತ ಕಿರುಚಿ, ನಾಲ್ಕು ಉಸಿರು ಎಳೆಯುವಷ್ಟರಲ್ಲಿ ಬೆಚ್ಚಗಾಗಿ ಸುಮ್ಮನಾಗಿಬಿಡುತ್ತದೆ, ಆಮೇಲೆ ಸಂಜೆಯ ತನಕ ಎಷ್ಟು ಸಲ ನಿಲ್ಲಿಸಿ ಎಷ್ಟು ಸಲ ಹೊಡೆದರೂ ಸಾಧುಪ್ರಾಣಿ, ಬಾಯಲ್ಲಿ ಬೆರಳಿಟ್ಟರೂ ಕಚ್ಚದು, ತಪ್ಪಿದರೆ ಮತ್ತೆ ನಾಳೆ ಬೆಳಗಿನ ತನಕ ಕಾಯಬೇಕು. ನಾಳೆ ಇಲ್ಲ. ಆಸ್ಪತ್ರೆಯವರು ಕೊಟ್ಟಿದ್ದ ಬದಲಿ ವ್ಯಾನು ನಿನ್ನೆಗೇ ವಾಪಸು ಹೋಯಿತು, ಇಷ್ಟು ಹೊತ್ತಿಗೆ ರೋಗಿಗಳು ಅವರವರ ಬಾಗಿಲಲ್ಲಿ ಚೀಲ ಹಿಡಿದು ನಿಂತಿರುತ್ತಾರೆ, ಕಿಡ್ನಿ ಕೈಕೊಟ್ಟವರು, ದಿನ ಬಿಟ್ಟು ದಿನ ರಕ್ತ ತೊಳೆಸಿಕೊಳ್ಳದಿದ್ದರೆ ಊದಿಕೊಳ್ಳುವವರು, ಅವರನ್ನು ಹತ್ತಿಸಿಕೊಂಡು ಅಕ್ಕ ಆ ಇಳಿಜಾರು ಇಳಿಯಬೇಕು, ತಿರುವಿನ ಮೇಲೆ ತಿರುವು, ಕೆಳಗೆ ಸೇತುವೆ, ಸೇತುವೆ ದಾಟಿದರೆ ಆಸ್ಪತ್ರೆ. ನೀನು ಹೂಂ ಅಂದ್ರೆ ಇಳೀತೀನಿ, ಉಹೂಂ ಅಂದ್ರೆ ಇಳಿಯಲ್ಲ, ಅಷ್ಟೇ ಕಣೋ, ನನಗೆ ಬೇರೆ ಯಾರ ಮಾತೂ ಬೇಡ, ಅಂದಿದ್ದಾಳೆ.

ಬೇರೆ ಯಾರ ಮಾತೂ ಬೇಡ. ವ್ಯಾನು ತಂದು ಬಿಟ್ಟ ದಿನವೂ ಹೀಗೇ ಅಂದಿದ್ದಳು, ಭಾವ ಓಡಿಸುತ್ತಿದ್ದ ವ್ಯಾನು, ಭಾವ ಹೋದ ಮೇಲೆ ಅದೇ ಸೀಟಿನ ಗುಂಡಿಯಲ್ಲಿ ಒಂದು ದಿಂಬು ಹಾಕಿಕೊಂಡು ಕೂತವಳು, ಸೆಲ್ಫ್ ಹೊಡೆದ ಕೂಡಲೇ ಕಿರುಚುತ್ತೆ ಕಣೋ, ಹಲ್ಲು ಜುಂ ಅನ್ನುತ್ತೆ, ನಮ್ಮ ವ್ಯಾನಲ್ಲಿ ಬರೋ ಟೈಲರ್ ಇದಾರಲ್ಲ, ಅವರಂತೂ ದಿನಾ ಹೇಳ್ತಾರೆ, ಏನಮ್ಮಾ, ಸೂಜಿ ಚುಚ್ಚಿಸಿಕೊಳ್ಳೋನು ನಾನು, ಅಳೋದು ನಿನ್ನ ಗಾಡಿ. ಎಲ್ಲರೂ ನಕ್ಕರು, ಅವನು ಸರಿಯಾದ ಹೊತ್ತಿಗೇ ನಕ್ಕ, ಅಕ್ಕನ ಮಾತು ಕೇಳಿಸುತ್ತದೆ, ಅವಳದು ದಪ್ಪ ಗಂಟಲು, ಎದುರು ನಿಂತರೆ ಎಲ್ಲ ಕೇಳಿಸುತ್ತದೆ, ಬಿಡು ಅಕ್ಕ, ರಾತ್ರಿ ಇಲ್ಲೇ ಇರಲಿ, ಬೆಳಿಗ್ಗೆ ನೋಡೋಣ. ಮೊನ್ನೆ ಬೆಳಿಗ್ಗೆ ನೋಡಿದ, ನೋಡಿದ್ದೇ ಬಂತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ ಹಿಡಿಯನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದ, ಎಷ್ಟು ಗಾಡಿಗಳ ಹೊಟ್ಟೆಯ ಗುಟ್ಟು ಈ ಕೋಲು ಹೇಳಿದೆ, ಅಕ್ಕ ಕೀಲಿ ತಿರುಗಿಸಿದಳು, ಸೆಲ್ಫಿನ ಗುರ್ರು ಬಂತು, ಎಂಜಿನ್ನು ಹತ್ತಿಕೊಂಡಿತು, ಒಳಗೆ ಗುಡುಗುಡು, ಎಲ್ಲೋ ಒಂದು ಸಡಿಲ ತಗಡಿನ ಬುರ್ರು, ಎಲ್ಲ ಬಂತು, ಅದೊಂದು ಬರಲಿಲ್ಲ, ಅವನು ಉಸಿರು ಹಿಡಿದು ಕಾದ, ಈಗ ಬರುತ್ತದೆ, ಈಗ, ತಲೆಯೆತ್ತಿ ನೋಡಿದರೆ ತಮ್ಮ ನಿಂಬೆಹಣ್ಣು ಕಚ್ಚಿದವನ ಹಾಗೆ ಮುಖ ಕಿವುಚಿಕೊಂಡಿದ್ದಾನೆ, ಗಾಜಿನ ಆಚೆ ಅಕ್ಕನ ಎರಡು ಹುಬ್ಬುಗಳ ನಡುವೆ ನೆಟ್ಟಗೆ ಒಂದು ಗೆರೆ ಎದ್ದಿದೆ, ಸ್ಕ್ರೂವಿನ ತಲೆಯ ಮೇಲಿನ ಗೀರಿನ ಹಾಗೆ, ಅಷ್ಟು ನೇರ, ಅಷ್ಟು ಆಳ, ಅಂದರೆ ಕಿರುಚುತ್ತಿದೆ, ಈಗ, ಈ ಕ್ಷಣ, ಶೆಡ್ಡಿನ ತಗಡೆಲ್ಲ ಅದುರುವ ಹಾಗೆ ಕಿರುಚುತ್ತಿದೆ, ಅವನ ಎರಡು ಕಿವಿಗಳ ನಡುವೆ ಮಾತ್ರ ಯಾರೋ ಹತ್ತಿ ತುರುಕಿಟ್ಟ ಹಾಗೆ ಮೆತ್ತಗಿದೆ. ಮತ್ತೆ ಗೆರೆ ಸಡಿಲವಾಯಿತು, ಮುಖ ಬಿಚ್ಚಿಕೊಂಡಿತು, ಶಬ್ದ ನಿಂತಿರಬೇಕು. ಕೇಳಿಸ್ತಾ? ಎಂದಳು ಇಳಿದು ಬಂದು. ಹೂಂ, ಕೇಳಿಸ್ತು. ಎಲ್ಲಿಂದ? ತಡಿ, ಇವನು ಹೇಳಲಿ, ಎಂದು ತಮ್ಮನ ಕಡೆ ತಿರುಗಿದ, ಪಾಠ ಒಪ್ಪಿಸಿಕೊಳ್ಳುವ ಮೇಷ್ಟರ ಹಾಗೆ, ಹೇಳೋ, ಎಲ್ಲಿಂದ ಬಂತು, ಇಷ್ಟು ವರ್ಷ ಜೊತೆಗಿದ್ದು ಏನು ಕಲಿತೆ ನೋಡೋಣ. ಮುಂದ್ಗಡೆಯಿಂದ ಬಂತಣ್ಣ. ಮುಂದ್ಗಡೆ ಅಂದ್ರೆ? ಹೆಡ್‌ಲೈಟಿಂದಾನಾ? ತಮ್ಮ ಹಲ್ಲು ಕಿರಿದ, ನನ್ನನ್ನ ಯಾಕಪ್ಪ ಕೇಳ್ತೀಯ, ನೀನು ತಾನೇ ಕಿವಿ, ನಾನು ಬರೀ ಕೈ.

ಕಿವಿ. ಕಿವಿ ಮೇಸ್ತ್ರಿ. ಕ್ಷೌರದಂಗಡಿಯ ಕುರ್ಚಿಯಲ್ಲಿ ಗಲ್ಲದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದವನು ಕಣ್ಣು ಮುಚ್ಚಿಕೊಂಡೇ ಹೇಳಿದ್ದ, ಹೊರಗೆ ಹೋಯ್ತಲ್ಲ ಆ ಬಸ್ಸು, ಹಿಂದಿನ ಎಡಗಡೆ ಚಕ್ರದ ಬೇರಿಂಗ್ ಹೋಗಿದೆ, ಯಾರಾದ್ರೂ ಓಡಿಹೋಗಿ ನಿಲ್ಲಿಸಿ, ಕ್ಷೌರಿಕ ಕತ್ತಿ ಹಿಡಿದುಕೊಂಡೇ ಬೀದಿಗೆ ಓಡಿದ್ದ, ಕತ್ತಿ ಕಂಡು ಬಸ್ಸಿನ ಡ್ರೈವರು ಇನ್ನೂ ಜೋರಾಗಿ ಓಡಿಸಿದನಂತೆ, ಮುಂದಿನ ಚೌಕದಲ್ಲಿ ಚಕ್ರ ಹೊಗೆಯಾಡಿ ನಿಂತಿತು, ಅವತ್ತು ಹತ್ತಿದ ಹೆಸರು, ಅಕ್ಕ ಈ ಕಥೆಯನ್ನು ವ್ಯಾನು ಹತ್ತಿದವರಿಗೆಲ್ಲ ಹೇಳುತ್ತಾಳೆ, ರಕ್ತ ತೊಳೆಸಿಕೊಳ್ಳಲು ಹೋಗುವವರಿಗೆ ನಗು ಬೇಕಲ್ಲ. ಆ ಕಿವಿ ಯಾವಾಗ ಹೋಯಿತು. ಹೋದದ್ದು ಗೊತ್ತಾಗಲೇ ಇಲ್ಲ, ಕಳ್ಳ ಬಾಗಿಲು ಮುರಿದು ಬರಲಿಲ್ಲ, ದಿನಕ್ಕೊಂದು ಚಮಚ ಒಯ್ದ. ಈ ಸಲ ಹಕ್ಕಿಗಳೇ ಬಂದಿಲ್ಲ ನೋಡು, ಎಂದ ಒಂದು ಬೆಳಿಗ್ಗೆ ಹೆಂಡತಿಗೆ, ಮರಕ್ಕೆ ಏನು ರೋಗ ಬಂತೋ, ಅವಳು ಪಾತ್ರೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿ ಅವನ ಮುಖವನ್ನೇ ನೋಡಿದಳು, ಕಿಟಕಿಯ ಹೊರಗಿನ ಮರದಲ್ಲಿ ಎಲೆಗಿಂತ ಹೆಚ್ಚು ಹಕ್ಕಿ, ಎಲ್ಲವೂ ಬಾಯಿ ತೆರೆದುಕೊಂಡು, ಬಾಯಿ ಮುಚ್ಚಿಕೊಂಡು, ಗಂಟಲು ಉಬ್ಬಿಸಿಕೊಂಡು — ಅವನು ತಮಾಷೆಗೆ ಅಂದೆ ಅಂದ. ಮೊದಲು ಹೋದದ್ದು ಸಣ್ಣ ಶಬ್ದಗಳು, ಸೂಜಿಯಂಥವು, ಸೊಳ್ಳೆ, ಹಕ್ಕಿ, ಮಗಳು ಫೋನಿನಲ್ಲಿ ಅಪ್ಪಾ ಅಂದ ಮೇಲಿನ ಮಾತೆಲ್ಲ, ಆಮೇಲೆ ಮಾತಿನ ಮೂಲೆಗಳು ಸವೆದವು, ಮೂಲೆ ಸವೆದು ಗುಂಡಗಾದ ಬೋಲ್ಟಿನ ತಲೆಯ ಹಾಗೆ, ಇದೆ, ಕಣ್ಣ ಮುಂದೇ ಇದೆ, ಸ್ಪಾನರ್ ಹಾಕಿದರೆ ಜಾರುತ್ತದೆ, ಹಿಡಿಯುವುದಿಲ್ಲ. ಅದಕ್ಕೇ ಹೂಂ. ಹೂಂ ಅಂದರೆ ಎಲ್ಲ ಮುಗಿಯುತ್ತದೆ, ಊಟ ಹಾಕಲಾ ಹೂಂ, ಬಿಲ್ಲು ಆಮೇಲೆ ಕೊಡಲಾ ಹೂಂ, ನಿನಗೆ ಬುದ್ಧಿ ಇದೆಯಾ ಹೂಂ. ಚಿಕ್ಕವನಿದ್ದಾಗ ಅಕ್ಕ ಬೈಯುತ್ತಿದ್ದಳು, ನೀರು ತಾ ಅಂದ್ರೆ ಕೇಳಿಸಲ್ಲ, ತಿಂಡಿ ಅಂದ್ರೆ ಆಚೆ ಬೀದಿಯಿಂದ ಓಡಿಬರ್ತೀಯ, ಜಾಣ ಕಿವುಡ ಕಣೋ ನೀನು, ಈಗ ತಿರುಗಾಮುರುಗ, ಕೇಳಿಸದಿದ್ದರೂ ಕೇಳಿಸಿದವನ ಹಾಗೆ ಇರುವುದು, ಇದು ಅದಕ್ಕಿಂತ ಕಷ್ಟದ ಕಸುಬು, ದಿನವಿಡೀ ಮುಖಗಳನ್ನು ನೋಡುತ್ತಾ ಇರಬೇಕು, ಯಾರ ತುಟಿ, ಯಾರ ಹುಬ್ಬು, ಯಾರು ಯಾವಾಗ ನಕ್ಕರು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಅಪ್ಪನ ಹಾಗೆ. ಅಪ್ಪ ಮರ ಕೊಯ್ಯುವ ಮಿಲ್ಲಿನಲ್ಲಿ ಕಿವಿ ಕಳೆದುಕೊಂಡ, ಎಲ್ಲರೂ ನಕ್ಕ ಮೇಲೆ ಒಂದು ಗಳಿಗೆ ತಡವಾಗಿ ನಗುತ್ತಿದ್ದ, ಊಟಕ್ಕೆ ಕೂತರೆ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಕಣ್ಣು ಹಾಯಿಸುತ್ತಾ, ಅಮ್ಮ ಅನ್ನ ಬಡಿಸುತ್ತಲೇ ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು, ಇವರ ಜೊತೆ ಬಾಳೋದೂ ಒಂದೇ ಕಂಬದ ಜೊತೆ ಬಾಳೋದೂ ಒಂದೇ ಕಣಮ್ಮ, ಗೊಣಗಿಕೊಂಡಲ್ಲ, ನೆಟ್ಟಗೆ, ಅಪ್ಪನ ಎದುರೇ, ಅಪ್ಪ ತಟ್ಟೆ ಮುಂದಕ್ಕೆ ಸರಿಸಿ ಮುಗುಳ್ನಕ್ಕು ಸಾಕು ಎಂದ. ಗೋಡೆಗೂ ಕಿವಿ ಇರುತ್ತೆ ಅನ್ನುತ್ತಾರೆ, ಆ ಮನೆಯಲ್ಲಿ ಗೋಡೆಯ ಎದುರು ಬಾಯಿ ಮುಚ್ಚಿಕೊಳ್ಳುತ್ತಿದ್ದವರು ಅಪ್ಪನ ಎದುರು ಬಾಯಿ ಬಿಡುತ್ತಿದ್ದರು. ಈಗ ಅವನಿಗೆ ಭಯ ಕತ್ತಲೆಯದಲ್ಲ, ಸಾವಿನದಲ್ಲ, ಅದರದು, ಕಂಬವಾಗುವುದರದು.

ಅಕ್ಕ ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲಿನ ತಗಡು ತಟ್ಟಿದಳು, ಢಬ್ ಢಬ್, ಇದು ಕೇಳಿಸಿತು, ಏನೋ, ಬೆಲ್ಟಿಗೆ ಲಾಲಿ ಹಾಡ್ತಿದೀಯಾ? ಇರಕ್ಕಾ ಎಂದ. ನಿನ್ನೆಯೇ ಮುಗಿಯಬೇಕಾಗಿದ್ದ ಕೆಲಸ, ನಿನ್ನೆಯ ಚಳಿ ಹಾಳಾಗದಿದ್ದರೆ. ಮೊನ್ನೆ ಸಂಜೆ ಮನೆಗೆ ನಡೆಯುತ್ತಾ ಯೋಚಿಸಿ ಒಂದು ದಾರಿ ಕಂಡುಕೊಂಡಿದ್ದ, ಕಿವಿ ಬೇಡದ ದಾರಿ. ಶಬ್ದ ಎರಡು ಕಡೆಯಿಂದ ಬರಬಹುದು, ಒಂದು, ಹೊರಗಿನ ಬೆಲ್ಟು, ಅದನ್ನು ಬಿಗಿಹಿಡಿಯುವ ಟೆನ್ಷನರ್ ಪುಲ್ಲಿ, ಬ್ಯಾಟರಿ ತುಂಬಿಸುವ ಆಲ್ಟರ್ನೇಟರು, ಇವುಗಳಲ್ಲಿ ಯಾವುದಾದರೂ ಒಣಗಿದ್ದರೆ ಚಳಿಗೆ ಗ್ರೀಸು ಕಲ್ಲಾಗಿ ಕಿರುಚುತ್ತದೆ, ಹಾಗಾದರೆ ಹೆದರಿಕೆಯಿಲ್ಲ, ಹೋದರೆ ಬ್ಯಾಟರಿ ದೀಪ ಹತ್ತುತ್ತದೆ, ಪಕ್ಕಕ್ಕೆ ನಿಲ್ಲಿಸಬಹುದು. ಇನ್ನೊಂದು, ಎಂಜಿನ್ನಿನ ಪಕ್ಕದ ಮುಚ್ಚಳದ ಒಳಗೆ, ಟೈಮಿಂಗ್ ಬೆಲ್ಟಿನ ಬೇರಿಂಗು, ಅದು ಕಿರುಚುತ್ತಿದ್ದರೆ ಒಂದು ದಿನ ಹಿಡಿದುಕೊಳ್ಳುತ್ತದೆ, ಬೆಲ್ಟು ಹರಿಯುತ್ತದೆ, ಓಡುತ್ತಿರುವ ಎಂಜಿನ್ನು ಗಕ್ಕನೆ ನಿಲ್ಲುತ್ತದೆ, ಇಳಿಜಾರಿನ ನಡುವೆ ಬ್ರೇಕು ಕಲ್ಲಾಗುತ್ತದೆ, ಸ್ಟೇರಿಂಗು ಮಣಭಾರವಾಗುತ್ತದೆ, ತಿರುವು ಕಾಯುವುದಿಲ್ಲ, ಹಿಂದೆ ತೋಳಿಗೆ ಬ್ಯಾಂಡೇಜು ಸುತ್ತಿಕೊಂಡ ಟೈಲರು, ಅವನ ಪಕ್ಕದವರು, ಮುಂದೆ ಅಕ್ಕ, ದಿಂಬಿನ ಮೇಲೆ. ಆದ್ದರಿಂದ ಹೊರಗಿನ ಬೆಲ್ಟನ್ನು ಪೂರ್ತಿ ಬಿಚ್ಚಿ ತೆಗೆದಿಟ್ಟು ತಣ್ಣಗಿದ್ದಾಗ ಒಂದು ಸಲ ಹೊಡೆಯುವುದು, ಆಗಲೂ ಕಿರುಚಿದರೆ ಒಳಗೆ, ಸುಮ್ಮನಿದ್ದರೆ ಹೊರಗೆ, ಅವನು ಕೇಳಬೇಕಾಗಿಲ್ಲ, ಎರಡು ಮುಖಗಳನ್ನು ನೋಡಿದರೆ ಸಾಕು, ಆ ಗೆರೆ ಎದ್ದಿತೋ ಇಲ್ಲವೋ. ಎಷ್ಟು ಸುಲಭ. ಹಾವೂ ಸಾಯಬೇಕು ಕೋಲೂ ಮುರಿಯಬಾರದು. ನಿನ್ನೆ ಬೆಳಿಗ್ಗೆ ಸ್ಪಾನರ್ ತೆಗೆದುಕೊಂಡು ಹಿಂದೆ ತಿರುಗಿದರೆ ವ್ಯಾನು ಇದ್ದ ಕಡೆ ಇಲ್ಲ, ಅಂಗಳದ ಆಚೆ ಮೂಲೆಯಲ್ಲಿ ನಿಂತಿದೆ, ಹಿಂದಿನ ಕೊಳವೆಯಿಂದ ಬಿಳಿ ಹೊಗೆ ಬಿಡುತ್ತಾ, ಬೆಚ್ಚಗೆ, ತಮ್ಮ ಅದರಿಂದ ಇಳಿಯುತ್ತಿದ್ದಾನೆ, ಹಾಲಿನ ಟ್ಯಾಂಕರು ಹೊರಗೆ ಹೋಗಬೇಕಿತ್ತಂತೆ, ಟ್ಯಾಂಕರಿನ ಗದ್ದಲದಲ್ಲಿ ವ್ಯಾನು ಹೊಡೆದದ್ದೂ ತಿಳಿದಿರಲಿಲ್ಲ. ಅವನಿಗೆ ತಲೆ ಕೆಟ್ಟಿತು, ಏನೋ ಮಾಡಿದೆ ಪಾಪಿ, ಒಂದು ಇಡೀ ಚಳಿ ಹಾಳು ಮಾಡಿದೆಯಲ್ಲೋ, ತಳ್ಳಕ್ಕೆ ಆಗಲಿಲ್ವಾ, ನಿನ್ನ ಕೈಗೇನು ಬಳೆ ತೊಡಿಸಿದಾರಾ? ತಮ್ಮ ಸಿಟ್ಟಾಗಲಿಲ್ಲ, ಅದೇ ಕೆಟ್ಟದ್ದು, ಬೆರಗಾದ, ಕೂಗಿ ಕೇಳಿದೆನಲ್ಲಣ್ಣ, ವ್ಯಾನ್ ಸ್ಟಾರ್ಟ್ ಮಾಡಿ ಆಚೆ ತೆಗೀಲಾ ಅಂತ, ನೀನು ವೈಸ್ ಮೇಜಿನ ಹತ್ತಿರ ಬೆನ್ನು ಹಾಕಿ ನಿಂತಿದ್ದೆ, ಹೂಂ ಅಂದೆ. ಹೂಂ ಅಂದೆನಾ. ಹೂಂ ಅಂದೆ, ಎರಡು ಸಲ ಕೇಳಿದೆ, ಎರಡು ಸಲವೂ ಅಂದೆ. ಅಂದಿರಬಹುದು. ಬೆನ್ನ ಹಿಂದೆ ಏನೋ ಗುಂಯ್ ಅಂದರೆ ಹೂಂ ಅನ್ನುವುದು ಬಾಯಿಗೆ ರೂಢಿಯಾಗಿಬಿಟ್ಟಿದೆ, ಬಾಯಿ ತನ್ನಷ್ಟಕ್ಕೆ ತಾನೇ ಅನ್ನುತ್ತದೆ, ಯಾರನ್ನೂ ಕೇಳುವುದಿಲ್ಲ. ಹಾಂ, ಏನೋ ಯೋಚನೆ ಮಾಡ್ತಿದ್ದೆ, ಎಂದ. ತಮ್ಮ, ಆಯ್ತು ಬಿಡಣ್ಣ, ನಾಳೆ ಬೆಲ್ಟ್ ಬಿಚ್ಚಿ ಹೊಡೆದು ನೋಡೋಣ, ಎಂದ. ನಾಳೆ ನೋಡಿದರೆ ರೋಗ ಎಲ್ಲಿದೆ ಅಂತ ಗೊತ್ತಾದೀತು, ವಾಸಿಯಾಯಿತಾ ಅಂತ ಗೊತ್ತಾಗಲಿಕ್ಕೆ ಇನ್ನೊಂದು ಬೆಳಗು ಬೇಕು, ಅದು ಎಲ್ಲಿಂದ ತರುವುದು.

ಅದಕ್ಕೇ ನಿನ್ನೆ ಮಧ್ಯಾಹ್ನ ಬೆಲ್ಟು ಬಿಚ್ಚಿ ಕಣ್ಣು ಮುಚ್ಚಿಕೊಂಡು ಬೆರಳಿನಿಂದ ಒಂದೊಂದೇ ಪುಲ್ಲಿ ತಿರುಗಿಸಿದ. ಕಣ್ಣು ಮುಚ್ಚಿದರೆ ಬೆರಳಿಗೆ ಕಣ್ಣು ಬರುತ್ತದೆ, ಆಲ್ಟರ್ನೇಟರು ಬೆಣ್ಣೆಯ ಹಾಗೆ ತಿರುಗಿತು, ಟೆನ್ಷನರ್ ಪುಲ್ಲಿಯನ್ನು ತಿರುಗಿಸಿದ, ತಿರುಗಿತು, ಇನ್ನೊಮ್ಮೆ, ನಿಧಾನಕ್ಕೆ, ಅಲ್ಲಿ — ಅಲ್ಲಿ ಏನೋ ಇತ್ತು, ಅಕ್ಕಿಯಲ್ಲಿ ಸಿಕ್ಕ ಕಲ್ಲಲ್ಲ, ಕಲ್ಲಿನ ನೆನಪು, ಒಂದು ಸಣ್ಣ ತರಿ, ಬೆರಳು ಅದರ ಮೇಲೆ ಹಾದುಹೋಯಿತು, ಮತ್ತೆ ಹುಡುಕಿದರೆ ಇಲ್ಲ, ಮತ್ತೆ ಇದೆ. ನೋಡೋ ಇಲ್ಲಿ, ಎಂದು ತಮ್ಮನ ಕೈಗೆ ಕೊಟ್ಟ, ಅವನು ಗರಗರ ತಿರುಗಿಸಿ ಕಿವಿಯ ಹತ್ತಿರ ಹಿಡಿದು, ನನಗೇನೂ ಗೊತ್ತಾಗ್ತಿಲ್ಲಣ್ಣ, ಎಂದ. ನಿನ್ನ ಬೆರಳು ಇನ್ನೂ ಹಾಲು ಕುಡೀತಿದೆ ಕಣೋ. ಬಾಯಲ್ಲಿ ಹಾಗಂದ, ತರಿ ನಿಜವಾಗಿ ಇದೆಯೋ, ಇರಲಿ ಅಂತ ಆಸೆಪಟ್ಟದ್ದಕ್ಕೆ ಬೆರಳು ಅದನ್ನು ಹುಟ್ಟಿಸಿತೋ, ಕಿವಿ ಹೋದವನ ಬೆರಳು ಮಾತ್ರ ನೆಟ್ಟಗಿರುತ್ತದೆ ಅಂತ ಯಾರು ಬರೆದುಕೊಟ್ಟಿದ್ದಾರೆ. ಹೊಸ ಟೆನ್ಷನರು, ಹೊಸ ಬೆಲ್ಟು ಹಾಕಿದ, ನಟ್ಟನ್ನು ಎರಡು ಸಲ ಬಿಚ್ಚಿ ಬಿಗಿದ. ಈಗ ಉಳಿದಿರುವುದು ಇದು, ಇದೊಂದು ಚಳಿ, ಇದೊಂದು ಕೀಲಿ. ಗೆರೆ ಏಳದಿದ್ದರೆ ಹೂಂ ಅನ್ನುತ್ತಾನೆ, ಅಕ್ಕ ಇಳಿಯುತ್ತಾಳೆ. ಗೆರೆ ಎದ್ದರೆ ಉಹೂಂ. ಆ ಗೆರೆ ಅವನಿಗೆ ಹೊಸದಲ್ಲ, ಅಂಗಾಲಿಗೆ ಮುಳ್ಳು ಚುಚ್ಚಿಕೊಂಡು ಬಂದಾಗ ಅಕ್ಕ ಅವನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಸೂಜಿ ಹಿಡಿದು ಬಗ್ಗುತ್ತಿದ್ದಳು, ಅಳಬೇಡ, ಅಲ್ಲಾಡಬೇಡ, ಎಂದು, ಅವನು ಪಾದ ನೋಡುತ್ತಿರಲಿಲ್ಲ, ಅವಳ ಹುಬ್ಬಿನ ನಡುವೆ ನೋಡುತ್ತಿದ್ದ, ಗೆರೆ ಆಳವಾದರೆ ಈಗ ನೋಯುತ್ತದೆ ಅಂತ, ಗೆರೆ ಮಾಯವಾದರೆ ಮುಳ್ಳು ಬಂತು ಅಂತ, ಒಂದು ದಿನವೂ ಅದು ಸುಳ್ಳು ಹೇಳಿರಲಿಲ್ಲ, ಊರೆಲ್ಲ ಸುಳ್ಳು ಹೇಳಿದರೂ ಅಕ್ಕನ ಹಣೆ ಹೇಳುವುದಿಲ್ಲ. ಟಾರ್ಚು ಆರಿಸಿದ. ತಮ್ಮ ಬಾಗಿಲು ಬಿಟ್ಟು ಹತ್ತಿರ ಬಂದು ಒಂದು ಭುಜವನ್ನು ಕಂಬಕ್ಕೆ ಆನಿಸಿ ನಿಂತ, ಕೈಯಲ್ಲಿ ಎಣ್ಣೆಬಟ್ಟೆ. ಬೆಳಕು ಅಕ್ಕನ ಮುಖದ ಮೇಲೆ ಬಿದ್ದಿಲ್ಲ, ಒಳ್ಳೆಯದು, ಕಣ್ಣು ಕುಕ್ಕುವುದಿಲ್ಲ. ಸ್ಕ್ರೂಡ್ರೈವರು ತೆಗೆದುಕೊಂಡ, ತುದಿಯನ್ನು ಎಂಜಿನ್ನಿಗೆ ಆನಿಸಿದ, ಹಿಡಿಯನ್ನು ಕಿವಿಗೆ ಹಚ್ಚಿದ, ನಾಟಕಕ್ಕೆ ವೇಷ ಬೇಕಲ್ಲ, ನೀರಿಗೆ ಇಳಿದ ಮೇಲೆ ಚಳಿಯೇನು ಗಾಳಿಯೇನು, ಕೈ ಕೆಳಗಿಳಿಸಿದ. ಹೊಡಿ ಅಕ್ಕ.

ಪಾದದ ಅಡಿಯಲ್ಲಿ ನೆಲ ಅದುರಿತು, ಸೆಲ್ಫಿನ ಗುರ್ರು, ಒಂದು ಕೆಮ್ಮು, ಹತ್ತಿಕೊಂಡಿತು, ಗುಡುಗುಡು ಗುಡುಗುಡು, ದವಡೆಯ ಮೂಳೆಯಲ್ಲಿ ಹಿಡಿ ಜುಮುಗುಡುತ್ತಿದೆ, ಬೆಲ್ಟು ಕರಿಯ ನೀರಿನ ಹಾಗೆ ಹರಿಯುತ್ತಿದೆ, ಅವನು ಬೆಲ್ಟು ನೋಡುತ್ತಿಲ್ಲ, ಬಾನೆಟ್ಟಿನ ಪಕ್ಕದಿಂದ ಕತ್ತು ಚಾಚಿ ಗಾಜಿನ ಆಚೆ ನೋಡುತ್ತಿದ್ದಾನೆ, ಅಕ್ಕನ ಮುಖ ಬಿಚ್ಚಿಕೊಂಡೇ ಇದೆ, ಇದೆ, ಬೇಡ, ಬರಬೇಡ, ಒಂದು ಉಸಿರು, ಎರಡು — ಎದ್ದಿತು. ಹುಬ್ಬುಗಳು ಮೆಲ್ಲಗೆ ಹತ್ತಿರ ಸರಿದವು, ನಡುವೆ ನೆಟ್ಟಗೆ ಎದ್ದಿತು, ಸ್ಕ್ರೂವಿನ ತಲೆಯ ಗೀರು, ಆಳವಾಯಿತು, ಇನ್ನೂ ಆಳವಾಯಿತು, ಸಡಿಲವಾಗಲೇ ಇಲ್ಲ. ಶಬ್ದ ಹೊರಗಿನದಲ್ಲ, ಹಾಗಾದರೆ ಒಳಗೆ, ಮುಚ್ಚಳದ ಒಳಗೆ, ಬೆರಳು ಸುಳ್ಳು ಹೇಳಿತ್ತು, ತರಿ ಇರಲಿಲ್ಲ, ಇಳಿಜಾರು, ಸೇತುವೆ, ಇನ್ನೊಂದು ಕ್ಷಣ ತಡವಾಗಿದ್ದರೆ ಹೂಂ ಅಂದುಬಿಡುತ್ತಿದ್ದೆನಲ್ಲ, ಆಫ್ ಮಾಡಕ್ಕಾ, ಎಂದು ಕೂಗಿದ, ಗಂಟಲಲ್ಲಿ ಒಂಥರಾ ಬಲ ಬಂತು, ಎಷ್ಟೋ ದಿನಗಳ ಮೇಲೆ ಖಚಿತವಾದ ಒಂದು ಮಾತು, ಆಫ್ ಮಾಡು, ಹೋಗಿಲ್ಲ ಅದು, ಅದೇ ಕೀ ಇನ್ನೂ ಇದೆ, ಮೊದಲಿಗಿಂತ ಸಣ್ಣಗಿದೆ, ಆದ್ರೆ ಅದೇ, ಟೈಮಿಂಗ್ ಕಡೆಯಿಂದ ಬರ್ತಿದೆ, ಇದನ್ನ ತಗೊಂಡು ಇಳಿಜಾರು ಇಳೀಬೇಡ, ಬಿಚ್ಚಲೇಬೇಕು. ಸ್ಕ್ರೂಡ್ರೈವರಿನ ಹಿಡಿಯಿಂದ ಮುಚ್ಚಳ ತಟ್ಟಿ ತೋರಿಸಿದ, ಇಲ್ಲಿಂದ, ಸರಿಯಾಗಿ ಇಲ್ಲಿಂದ.

ಅಕ್ಕ ಆಫ್ ಮಾಡಲಿಲ್ಲ. ತಮ್ಮನ ಕೈಯಲ್ಲಿ ಎಣ್ಣೆಬಟ್ಟೆ ನಿಂತಿತು. ಅವನ ತುಟಿ ಅಲ್ಲಾಡಿತು, ಎಂಜಿನ್ನಿನ ಗುಡುಗುಡಿನಲ್ಲಿ ಅದು ಮುಳುಗಿಹೋಯಿತು, ಅಣ್ಣ ಎಂಬುದೊಂದು ಮೇಲೆ ತೇಲಿತು, ಅದಕ್ಕೇ ಇವನು ಹೂಂ ಎಂದ, ತಮ್ಮ ಗಾಜಿನ ಕಡೆ ತಿರುಗಿ ಅಕ್ಕನನ್ನು ನೋಡಿದ, ಅಕ್ಕ ತಮ್ಮನನ್ನು ನೋಡಿದಳು, ಆ ಎರಡು ನೋಟಗಳ ನಡುವೆ ಒಂದು ಹಗ್ಗ ಕಟ್ಟಿದ ಹಾಗೆ, ಅವನು ಹಗ್ಗದ ಕೆಳಗೆ ನಿಂತಿದ್ದ. ಆಮೇಲೆ ಅವಳು ಕೀಲಿ ತಿರುಗಿಸಿದಳು, ನೆಲ ಅದುರುವುದು ನಿಂತಿತು, ಇಳಿದಳು, ಬಾನೆಟ್ಟು ಸುತ್ತಿ ಬಂದು ಅವನ ಎದುರು, ತೀರ ಎದುರು, ಕಣ್ಣಿಗೆ ಕಣ್ಣಾಗಿ ನಿಂತು, ಬಾಯಿಯನ್ನು ಅಗಲವಾಗಿ ತೆರೆದು, ಒಂದೊಂದೇ ಮಾತನ್ನು ಬೇರೆ ಬೇರೆ ಇಟ್ಟು — ಅಪ್ಪನಿಗೆ ಹೇಳುತ್ತಿದ್ದದ್ದು ಹೀಗೇ, ಊಟಕ್ಕೆ ಬಾ ಎಂದು ಹೇಳುವಾಗ ಅವಳ ಕತ್ತಿನ ನರ ಹೀಗೇ ಉಬ್ಬುತ್ತಿತ್ತು — ಶಬ್ದ ಬರಲಿಲ್ಲ ಕಣೋ. ಏನು? ಇವತ್ತು ಶಬ್ದ ಬರಲೇ ಇಲ್ಲ. ಹೋಗಿದೆ. ನೀನೇ ಸರಿ ಮಾಡಿದೀಯ. ಅವನು ತಮ್ಮನ ಮುಖ ನೋಡಿದ, ತಮ್ಮ ಎಣ್ಣೆಬಟ್ಟೆ ನೋಡುತ್ತಿದ್ದ, ನೆಲ ನೋಡುತ್ತಿದ್ದ, ಎಲ್ಲಿ ನೋಡಬೇಕು ಅಂತ ಗೊತ್ತಾಗದೆ ಚಪ್ಪಲಿಯ ತುದಿಯಿಂದ ಒಂದು ವಾಷರನ್ನು ಅತ್ತಿತ್ತ ಸರಿಸುತ್ತಿದ್ದ. ಹಾಗಾದರೆ ತರಿ ಇತ್ತು, ಟೆನ್ಷನರೇ, ಬೆರಳು ಸರಿಯಾಗಿತ್ತು, ಇಷ್ಟು ಸಣ್ಣ ತರಿಯನ್ನು ಹಿಡಿದಿತ್ತು, ಒಂದು ಕ್ಷಣ ಸಂತೋಷ ಬಂತು, ನಿಜವಾದ ಸಂತೋಷ, ಬಂದು ಕೂರಲು ಜಾಗವಿಲ್ಲದೆ ಹೊರಟುಹೋಯಿತು. ಅದೇ ಕೀ ಇನ್ನೂ ಇದೆ, ಮೊದಲಿಗಿಂತ ಸಣ್ಣಗಿದೆ, ಸರಿಯಾಗಿ ಇಲ್ಲಿಂದ — ಯಾರೂ ಕೇಳಿರಲಿಲ್ಲ, ಯಾರೂ ಬಾಯಿ ಬಿಡಿಸಿರಲಿಲ್ಲ, ಕುಂಬಳಕಾಯಿ ಕಳ್ಳ ಅನ್ನುವುದಕ್ಕೂ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡ. ಅಕ್ಕ ಮತ್ತೆ ಬಾಯಿ ತೆರೆದಳು, ಈ ಸಲ ಅಗಲವಾಗಿ ಅಲ್ಲ, ಅವಳ ಗಂಟಲು ಸಣ್ಣಗಾಗಿತ್ತು, ಅರ್ಧ ಬಂತು ಅರ್ಧ ಬರಲಿಲ್ಲ, ಹೂಂ ಎಂದ, ಅನ್ನುತ್ತಿರುವಾಗಲೇ ತಿಳಿಯಿತು, ಅವಳು ಕೇಳಿದ್ದು ಎಷ್ಟು ದಿನದಿಂದ ಹೀಗೆ ಎಂದು.

ಅವಳು ಅಳಲಿಲ್ಲ, ಬೈಯಲೂ ಇಲ್ಲ, ಬೈದಿದ್ದರೆ ಚೆನ್ನಾಗಿತ್ತು, ಕಿವುಡ, ಮೂರ್ಖ, ನನ್ನ ರೋಗಿಗಳ ಜೀವದ ಜೊತೆ ಆಟ ಆಡಿದೆಯಲ್ಲೋ, ಇವತ್ತು ಇಲ್ಲದ ಶಬ್ದ ಇದೆ ಅಂದೆ, ನಾಳೆ ಇರೋ ಶಬ್ದ ಇಲ್ಲ ಅಂತೀಯ, ಎಂದು. ಅವನ ಅಂಗಿಯ ತೋಳಿಗೆ ಅಂಟಿದ್ದ ಗ್ರೀಸನ್ನು ಹೆಬ್ಬೆರಳಿನಿಂದ ಒರೆಸಿದಳು, ಒರೆಸಿದಷ್ಟೂ ಹರಡಿತು. ಆಮೇಲೆ ತಮ್ಮನ ಕಡೆ ತಿರುಗಿ ಏನೋ ಅಂದಳು, ತಮ್ಮ ಏನೋ ಅಂದ, ಅಂಗಳದಲ್ಲಿ ಬೇಕಾದಷ್ಟು ಜಾಗವಿತ್ತು, ಆಚೆ ಹೋಗಿ ಮಾತಾಡಬಹುದಾಗಿತ್ತು, ಹೋಗಲಿಲ್ಲ, ದನಿ ತಗ್ಗಿಸಲೂ ಇಲ್ಲ, ಇಲ್ಲೇ, ಅವನ ಎರಡೂ ಪಕ್ಕ ನಿಂತು, ಅವನ ಎದೆಯ ಮುಂದಿನಿಂದ ಮಾತು ಕೊಟ್ಟು ತೆಗೆದುಕೊಂಡರು, ಒಂದು ಬಾಯಿಂದ ಇನ್ನೊಂದು ಬಾಯಿಗೆ ಅವನು ಕಣ್ಣು ಹಾಯಿಸಿದ, ಹಾಯಿಸುತ್ತಿದ್ದೇನೆ ಅಂತ ಗೊತ್ತಾದ ಮೇಲೂ ನಿಲ್ಲಿಸಲಾಗಲಿಲ್ಲ. ಕೊನೆಯದು ಮಾತ್ರ ಪೂರ್ತಿ ಕೇಳಿಸಿತು, ಯಾಕೆಂದರೆ ಅದನ್ನು ಇಷ್ಟು ವರ್ಷ ಅವಳು ಅವನ ಮುಖ ನೋಡಿ ಕೇಳುತ್ತಿದ್ದಳು, ಕೀಲಿ ಕೈಯಲ್ಲಿ ಹಿಡಿದು ತಮ್ಮನ ಮುಖ ನೋಡಿ ಕೇಳಿದಳು, ಏನಂತೀಯೋ, ಇಳೀಲಾ? ತಮ್ಮ ಅಣ್ಣನ ಕಡೆ ಒಮ್ಮೆ ನೋಡಿ, ತಲೆ ಆಚೆ ತಿರುಗಿಸಿ, ಹೂಂ ಅಕ್ಕ, ಇಳಿ, ಎಂದ. ಬಾನೆಟ್ಟನ್ನು ತಮ್ಮನೇ ಮುಚ್ಚಿದ. ವ್ಯಾನು ಹತ್ತಿಕೊಂಡಿತು, ಹಿಂದಕ್ಕೆ ಸರಿದು, ತಿರುಗಿ, ಅಂಗಳ ದಾಟಿತು, ತಿರುಗುವಾಗ ಗಾಜಿನಲ್ಲಿ ಅವಳ ಮುಖ ಒಮ್ಮೆ ಹಾದುಹೋಯಿತು, ಮತ್ತೆ ಆಕಾಶ, ಮತ್ತೆ ತಗಡು, ವ್ಯಾನು ನಿಂತಿದ್ದ ಜಾಗದ ನೆಲ ಒಣಗಿತ್ತು, ಸುತ್ತ ಮಾತ್ರ ಒದ್ದೆ. ಅವನು ಸ್ಕ್ರೂಡ್ರೈವರು ಹಿಡಿದುಕೊಂಡು ಅಲ್ಲೇ ನಿಂತಿದ್ದ, ಎಲ್ಲಿಡಬೇಕು ಇದನ್ನು, ಎಲ್ಲಿಡುತ್ತಿದ್ದೆ, ಶಬ್ದ ಬರಲಿಲ್ಲ, ಎಂಜಿನ್ನು ಸುಮ್ಮನಿತ್ತು, ಬೆಲ್ಟು ಸುಮ್ಮನಿತ್ತು, ಕಿವಿಗೆ ಚುಚ್ಚುವಂಥದ್ದು ಏನೂ ಇರಲಿಲ್ಲ ಆ ಶೆಡ್ಡಿನಲ್ಲಿ, ಹಾಗಿದ್ದ ಮೇಲೆ ಅದು ಯಾಕೆ ಎದ್ದಿತು, ಏನು ಕೇಳಿ ಎದ್ದಿತು, ಅಕ್ಕನ ಹಣೆ ಸುಳ್ಳು ಹೇಳುವುದಿಲ್ಲ, ಅವಳು ಗಾಜಿನ ಆಚೆಯಿಂದ ನೋಡುತ್ತಿದ್ದದ್ದು, ಬಾನೆಟ್ಟನ್ನಲ್ಲ, ಬಾನೆಟ್ಟಿನ ಪಕ್ಕದಿಂದ ಕತ್ತು ಚಾಚಿ ಬಾಯಿ ತೆರೆದುಕೊಂಡು ತನ್ನ ಮುಖವನ್ನೇ ಓದುತ್ತಿದ್ದ ಒಂದು ಮುಖವನ್ನು, ಒಂದು ಉಸಿರು ನೋಡಿದಳು, ಎರಡು ಉಸಿರು ನೋಡಿದಳು, ಆಮೇಲೆ ಎದ್ದಿತು, ಹಾಗಾದರೆ ಮೊನ್ನೆ, ಮೊನ್ನೆಯೂ ಶಬ್ದಕ್ಕೇ ಎದ್ದಿತ್ತೋ, ಇಲ್ಲ, ಗೊತ್ತಿಲ್ಲ, ಗೆರೆ, ಎರಡು ಹುಬ್ಬುಗಳ ನಡುವೆ, ನೆಟ್ಟಗೆ, ಆಳವಾಗಿ, ಸ್ಕ್ರೂವಿನ ತಲೆಯ ಗೀರು, ಸಡಿಲವಾಗುವುದಿಲ್ಲ, ಆ ಗೆರೆ, ಎರಡು ಹುಬ್ಬುಗಳ ನಡುವೆ, ಆ ಗೆರೆ